ದೊಡ್ಡಪ್ಪನ ಮೆಡಲ್ ಸೆಟ್: ಎರಕಕ್ಕೆ ಫುಲ್ ಮಾರ್ಕ್ಸ್, ಜೋಡಣೆಗೆ ಪಾಸ್ ಮಾರ್ಕ್ಸ್ ಅಷ್ಟೇ

ನಮ್ಮ ದೊಡ್ಡಪ್ಪ ವಾಯುಪಡೆಯಲ್ಲಿ ಕ್ಯಾನ್‌ಬೆರಾ ಬಾಂಬರ್ ಪೈಲಟ್. 1965ರ ಯುದ್ಧದಲ್ಲಿ ವೀರ ಚಕ್ರ ಬಂತು. ಅಸಲಿ ಪದಕಗಳು ದೊಡ್ಡಮ್ಮನ ಬ್ಯಾಂಕ್ ಲಾಕರ್‌ನಲ್ಲಿವೆ. ಅವು ಆಚೆ ಬರೋ ಮಾತೇ ಇಲ್ಲ. ಅದಕ್ಕೇ ಗೋಡೆಗೆ ಹಾಕೋಕೆ ಅಂತ ಒಂದು ನಕಲು ಸೆಟ್ ಮಾಡಿಸಿದೆವು. ಆನ್‌ಲೈನ್‌ನಲ್ಲೇ ಆರ್ಡರ್ ತಗೊಳ್ಳುವ ಅಂಗಡಿ. ಐದು ಪದಕ, ಕೋರ್ಟ್ ಮೌಂಟಿಂಗ್ (ಪದಕ ಅಲುಗಾಡದ ಹಾಗೆ ರಿಬ್ಬನ್ ಸಮೇತ ಹಿಂದಿನ ಪಟ್ಟಿಗೆ ಕೂರಿಸೋದು), ಗಾಜಿನ ಫ್ರೇಮ್, ಎಲ್ಲ ಸೇರಿ 3,800 ರೂಪಾಯಿ.

ಎರಕದ ಕೆಲಸ ನಿಜಕ್ಕೂ ಚೆನ್ನಾಗಿದೆ. ವೀರ ಚಕ್ರದ ಮೇಲಿನ ಐದು ಮೂಲೆಯ ನಕ್ಷತ್ರದ ತುದಿಗಳು ಅಂಚನ್ನು ಮುಟ್ಟಬೇಕು, ಇಲ್ಲಿ ಮುಟ್ಟಿವೆ. ನಡುವಿನ ಚಕ್ರ, ಅದರೊಳಗೆ ಚಿನ್ನದ ಗಿಲೀಟಿನ ಸಿಂಹಗಳು, ಮೂತಿ ಕೂಡ ಬಿಡಿಯಾಗಿ ಕಾಣುತ್ತದೆ. ಅಗ್ಗದ ನಕಲುಗಳಲ್ಲಿ ಸಿಂಹ ಯಾವುದು, ಕಂಬ ಯಾವುದು ಗೊತ್ತಾಗಲ್ಲ. ಹಿಂಬದಿಯ ಎರಡು ಕಮಲಗಳೂ ಸರಿಯಾಗಿವೆ, ಫ್ರೇಮ್‌ನೊಳಗೆ ಯಾರೂ ನೋಡಲ್ಲ ಅನ್ನೋದು ಬೇರೆ ಮಾತು.

ತಕರಾರು ಇರೋದು ಜೋಡಣೆಯಲ್ಲಿ. ವೀರ ಚಕ್ರದ ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಪದಕ ಹಾಕೋದು ಎಡ ಎದೆಗೆ, ಕೇಸರಿ ಎಡ ಭುಜದ ಕಡೆಗೆ ಬರಬೇಕು. ಅಂದರೆ ಎದುರಿಗೆ ನಿಂತವರಿಗೆ ನೀಲಿ ಎಡಕ್ಕೆ, ಕೇಸರಿ ಬಲಕ್ಕೆ. ಇವರು ತಿರುಗಾಮುರುಗಾ ಹೊಲಿದಿದ್ದರು. ಪ್ಯಾಕೆಟ್ ಬಿಚ್ಚಿದ ಕೂಡಲೇ ದೊಡ್ಡಮ್ಮ, "ಇದು ಯಾರ ಎದೇದು?" ಅಂದರು.

ಸಾಲು ಕೂಡ ತಪ್ಪಿತ್ತು. ಇಸವಿ ನೋಡಿಕೊಂಡು 1965ರ ಎರಡನ್ನೂ ಒಟ್ಟಿಗೆ, 1971ರ ಎರಡನ್ನೂ ಒಟ್ಟಿಗೆ ಇಟ್ಟಿದ್ದರು. ಕ್ರಮ ಹಾಗಲ್ಲ. ಮೊದಲು ವೀರ ಚಕ್ರ, ಆಮೇಲೆ ಸಮರ ಸೇವಾ ಸ್ಟಾರ್ (1965ರದ್ದು), ಪಶ್ಚಿಮಿ ಸ್ಟಾರ್ (1971ರದ್ದು), ಅವಾದ ಮೇಲೆ ರಕ್ಷಾ ಮೆಡಲ್ (1965ರದ್ದು), ಕೊನೆಗೆ ಸಂಗ್ರಾಮ್ ಮೆಡಲ್ (1971ರದ್ದು). ದುಡ್ಡು ತಗೊಂಡು ಇದನ್ನೇ ಕಸುಬು ಮಾಡಿಕೊಂಡವರಿಗೆ ಇಷ್ಟು ಗೊತ್ತಿರಬೇಕು ಅಲ್ವಾ? ಫೋನ್ ಮಾಡಿದರೆ ವಾದ ಮಾಡಲಿಲ್ಲ, ಅದೊಂದು ಸಮಾಧಾನ. ವಾಪಸ್ ತರಿಸಿಕೊಂಡು, ಹೊಸ ರಿಬ್ಬನ್ ಹಾಕಿ, ಕೊರಿಯರ್ ಖರ್ಚೂ ಅವರೇ ಕೊಟ್ಟು ಕಳಿಸಿದರು.

ಅಂಚಿನ ಮೇಲೆ ದೊಡ್ಡಪ್ಪನ ಹೆಸರು, ರ‍್ಯಾಂಕ್ ಕೆತ್ತಿಕೊಡುತ್ತೇವೆ, ಸ್ವಲ್ಪ ಜಾಸ್ತಿ ಆಗುತ್ತೆ ಅಂದರು. ನಾನು ಬೇಡ ಅಂದೆ. ನೀವೂ ಬೇಡ ಅನ್ನಿ. ಹೆಸರಿರುವ ನಕಲು ಮುಂದೆ ಯಾರ ಕೈಗೋ ಸಿಕ್ಕಿ ಅಸಲಿ ಅಂತ ಮಾರಾಟವಾಗೋದು ಬೇಡ.

ಫ್ರೇಮ್‌ನಲ್ಲಿ ಫೋಟೋಗೆ ಜಾಗ ಬಿಟ್ಟಿದ್ದಾರೆ. ನಾವು ದೊಡ್ಡಪ್ಪನದೊಂದೇ ಹಾಕಲಿಲ್ಲ, ಪಕ್ಕದಲ್ಲಿ ಅವರ ನ್ಯಾವಿಗೇಟರ್, ಅಂದರೆ ವಿಮಾನದಲ್ಲಿ ದಾರಿ ಹೇಳುವವರು, ನಿಂತಿರುವ ಫೋಟೋ ಹಾಕಿದೆವು. ದೊಡ್ಡಪ್ಪ ಹಾರಿಸುತ್ತಿದ್ದ ಬಿ(ಐ)58 ಮಾದರಿಯ ಕ್ಯಾನ್‌ಬೆರಾದಲ್ಲಿ ಇಜೆಕ್ಷನ್ ಸೀಟ್ (ಅಪಾಯ ಬಂದರೆ ವಿಮಾನದಿಂದ ಆಚೆ ಚಿಮ್ಮಿಸುವ ಸೀಟು) ಇದ್ದದ್ದು ಪೈಲಟ್‌ಗೆ ಮಾತ್ರ. ಮೂತಿಯೊಳಗೆ ಕೂರುವ ನ್ಯಾವಿಗೇಟರ್‌ಗೆ ಇರಲಿಲ್ಲ. ರಾತ್ರಿ ಹೊತ್ತು ಶತ್ರುಗಳ ವಿಮಾನ ನೆಲೆಯ ಮೇಲೆ ಹೋಗುವಾಗ ಅದೊಂದೇ ತಲೆಯಲ್ಲಿರುತ್ತಿತ್ತು ಅಂತ ದೊಡ್ಡಪ್ಪ ಹೇಳುತ್ತಿದ್ದರು. ಪದಕದ ಮಾತು ಎತ್ತಿದರೆ ಮಾತ್ರ ವಿಂಗ್ ಕಮಾಂಡರ್ ಗೌತಮ್ ಕಡೆಗೆ ಹೊರಳಿಸಿಬಿಡುತ್ತಿದ್ದರು. ಅವರೂ ಕ್ಯಾನ್‌ಬೆರಾದವರೇ. 1965ರಲ್ಲಿ ಒಂದು, 1971ರಲ್ಲಿ ಇನ್ನೊಂದು, ಎರಡು ಸಲ ಮಹಾವೀರ ಚಕ್ರ ಪಡೆದವರು.

ಮರದ ಚೌಕಟ್ಟು ಸುಮಾರು, ಹಿಂದಿನ ಕೊಕ್ಕೆ ತೀರಾ ತೆಳು. ನಾವು ಬೇರೆ ಹಾಕಿಸಿದೆವು. ಮಾಡಿಸೋರು ಗಾಜು ಮುಚ್ಚುವ ಮೊದಲು ಒಂದು ಫೋಟೋ ಕಳಿಸಿ ಅಂತ ಕೇಳಿ, ಕಳಿಸುತ್ತಾರೆ. ತಮ್ಮನ ಮನೆಗೂ ಒಂದು ಸೆಟ್ ಇವರಿಗೇ ಹೇಳಿದ್ದೇವೆ. ಈ ಸಲ ಯಾವುದರ ಪಕ್ಕ ಯಾವುದು, ಕೇಸರಿ ಯಾವ ಕಡೆ ಅಂತ ದೊಡ್ಡಮ್ಮನೇ ಚಿತ್ರ ಬರೆದು ಕೊಟ್ಟಿದ್ದಾರೆ.