ಹೊಲಿಗೆ ಕಾಣುವಷ್ಟು ಸ್ಪಷ್ಟ: ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ ಬ್ಲೂ-ರೇ ಸೆಟ್

ಬಾಹ್ಯಾಕಾಶ ಹಡಗಿನ ಕತೆ ಹೇಳುವ ಅಮೆರಿಕದ ಟಿ.ವಿ. ಸರಣಿ ‘ಸ್ಟಾರ್ ಟ್ರೆಕ್’ನ ಅಭಿಮಾನಿಗಳ ಚರ್ಚೆ ಎಲ್ಲಿ ಶುರುವಾದರೂ ಕೊನೆಗೆ ಮೂರೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಯಾವ ಕಾಲದ ಸಮವಸ್ತ್ರ ಚೆಂದ, ಹಡಗಿನ ಅಧಿಕಾರಿಗಳು ಕೆಟ್ಟ ಮಾತು ಆಡಬಹುದೇ, ಸಂಭಾಷಣೆ ತೀರಾ ಗ್ರಾಂಥಿಕವಾಯಿತೇ. ಈ ಮೂರಕ್ಕೂ ಸಾಕ್ಷಿ ಬೇಕೆಂದರೆ 1987ರಿಂದ 1994ರ ವರೆಗೆ ಪ್ರಸಾರವಾದ ‘ನೆಕ್ಸ್ಟ್ ಜನರೇಶನ್’ನ ಬ್ಲೂ-ರೇ ಸೆಟ್ ನೋಡಬೇಕು. 7 ಸೀಸನ್, 178 ಕಂತು, 41 ಡಿಸ್ಕ್. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ವೇಷ ಬಿಗಿಯಾದರೆ ನಿಲುವು ಬದಲಾಗುತ್ತದೆ, ನಿಲುವು ಬದಲಾದರೆ ಮಾತಿನ ಧಾಟಿಯೂ ಬದಲಾಗುತ್ತದೆ ಎನ್ನುವುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಚಿತ್ರದ ಗುಣಮಟ್ಟ. ಸರಣಿಯನ್ನು 35 ಎಂ.ಎಂ. ಫಿಲ್ಮಿನಲ್ಲಿ ಚಿತ್ರೀಕರಿಸಿದ್ದರೂ ಸಂಕಲನ ಮತ್ತು ಸ್ಪೆಶಲ್ ಎಫೆಕ್ಟ್ ಜೋಡಣೆ ನಡೆದದ್ದು ವಿಡಿಯೊ ಟೇಪಿನಲ್ಲಿ. ಹಾಗಾಗಿ ಹಳೆಯ ಡಿವಿಡಿಯಲ್ಲಿ ಸಿಗುವುದು ಟೇಪಿನ ಮಂಕು ಚಿತ್ರವೇ. ಬ್ಲೂ-ರೇಗಾಗಿ ಮೂಲ ನೆಗೆಟಿವ್‌ಗಳನ್ನು ಹುಡುಕಿ, ಮತ್ತೆ ಸ್ಕ್ಯಾನ್ ಮಾಡಿ, ಪ್ರತಿ ಕಂತನ್ನೂ ಮೊದಲಿನಿಂದ ಜೋಡಿಸಿದ್ದಾರೆ. 2012ರಲ್ಲಿ ಮೊದಲ ಸೀಸನ್ ಹೊರಬಂತು, 2014ರಲ್ಲಿ ಏಳನೆಯದು. ನೆಗೆಟಿವ್ ಸಿಗದ ಕೆಲವು ಕಡೆ ಕೆಲವೇ ಸೆಕೆಂಡುಗಳ ಕಾಲ ಹಳೆಯ ಟೇಪಿನ ಚಿತ್ರವನ್ನೇ ಹಿಗ್ಗಿಸಿ ಹಾಕಿದ್ದಾರೆ. ಅಲ್ಲಿ ತಟ್ಟನೆ ಮಂಜು ಕವಿದ ಹಾಗಾದರೆ ನಿಮ್ಮ ಡಿಸ್ಕ್ ಕೆಟ್ಟಿದೆ ಎಂದು ತಿಳಿಯಬೇಡಿ. ಎರಡನೆಯ ಸೀಸನ್ನಿನ ಕೆಲಸವನ್ನು ಬೇರೆ ಸಂಸ್ಥೆಗೆ ಒಪ್ಪಿಸಿದ್ದರಿಂದ ಅದರ ಬಣ್ಣ, ಎಫೆಕ್ಟ್ ಜೋಡಣೆ ಉಳಿದವುಗಳ ಮಟ್ಟಕ್ಕೆ ಬಂದಿಲ್ಲ. ಚಿತ್ರ 4:3 ಚೌಕಟ್ಟಿನಲ್ಲೇ ಇದೆ. ಟಿ.ವಿ.ಯಲ್ಲಿ ಎಳೆದು ಅಗಲ ಮಾಡಿ ನೋಡಿದರೆ ಎಲ್ಲರೂ ದಪ್ಪ ಕಾಣುತ್ತಾರೆ, ಉಡುಪಿನ ಲೆಕ್ಕಾಚಾರವೇ ತಪ್ಪುತ್ತದೆ.

ಈಗ ಉಡುಪು. ಮೊದಲ ಸೀಸನ್ನಿನ ಸಮವಸ್ತ್ರ ವಿಲಿಯಂ ವೇರ್ ಥೀಸ್ ಅವರ ವಿನ್ಯಾಸ. 1966ರ ಮೂಲ ಸರಣಿಯ ಉಡುಪುಗಳೂ ಅವರದೇ. ಅಲ್ಲಿ ಕ್ಯಾಪ್ಟನ್ ಚಿನ್ನದ ಬಣ್ಣದಲ್ಲಿ, ಎಂಜಿನಿಯರ್ ಕೆಂಪಿನಲ್ಲಿ ಇದ್ದರು. ಇಲ್ಲಿ ಅದನ್ನು ತಿರುಗಿಸಿದರು. ಕಮಾಂಡ್‌ಗೆ ಕೆಂಪು, ಎಂಜಿನಿಯರಿಂಗ್ ಮತ್ತು ಭದ್ರತೆಗೆ ಸಾಸಿವೆ ಹಳದಿ, ವಿಜ್ಞಾನ ಮತ್ತು ವೈದ್ಯಕೀಯಕ್ಕೆ ಹಸಿರು ಬೆರೆತ ನೀಲಿ. ಬಟ್ಟೆ ಸ್ಪ್ಯಾಂಡೆಕ್ಸ್, ಕುತ್ತಿಗೆಯಿಂದ ಕಾಲಿನ ವರೆಗೆ ಒಂದೇ ತುಂಡು. ಸುಕ್ಕು ಕಾಣಬಾರದೆಂದು ಅಳತೆಗಿಂತ ಸಣ್ಣದಾಗಿ ಹೊಲಿದು, ಮೈಮೇಲೆ ಎಳೆದು ತೊಡಿಸಿದರು. ಪರಿಣಾಮ ಏನೆಂದರೆ ಬಟ್ಟೆ ಇಡೀ ದಿನ ಭುಜವನ್ನು ಕೆಳಕ್ಕೆ ಜಗ್ಗುತ್ತಿತ್ತು. ನಟರಿಗೆ ಬೆನ್ನುನೋವು ಬಂತು, ಕ್ಯಾಪ್ಟನ್ ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೀವರ್ಟ್ ಉಡುಪು ಬದಲಿಸಲು ಪಟ್ಟು ಹಿಡಿದರು. 1989ರಲ್ಲಿ, ಮೂರನೆಯ ಸೀಸನ್ನಿಗೆ, ರಾಬರ್ಟ್ ಬ್ಲ್ಯಾಕ್‌ಮನ್ ಬಂದು ಉಣ್ಣೆಯ ಗ್ಯಾಬರ್ಡೀನ್ ಬಟ್ಟೆಯಲ್ಲಿ ಎರಡು ತುಂಡಿನ, ನಿಂತ ಕಾಲರಿನ ಉಡುಪು ಮಾಡಿಸಿದರು.

ಬ್ಲೂ-ರೇಯಲ್ಲಿ ಒಂದನೆಯ ಮತ್ತು ಮೂರನೆಯ ಸೀಸನ್ನಿನ ಒಂದೊಂದು ಕಂತನ್ನು ಒಂದರ ಹಿಂದೆ ಒಂದು ಹಾಕಿ ಪಿಕಾರ್ಡ್‌ನ ಭುಜ ನೋಡಿ. ಮೊದಲನೆಯದರಲ್ಲಿ ದೇಹ ಬಟ್ಟೆಗೆ ಒಗ್ಗಿಕೊಳ್ಳಲು ಹೆಣಗುತ್ತದೆ, ಎರಡನೆಯದರಲ್ಲಿ ಬಟ್ಟೆ ದೇಹವನ್ನು ಎತ್ತಿ ಹಿಡಿಯುತ್ತದೆ. ನಿಂತ ಕಾಲರ್ ಬಂದ ಮೇಲೆ ಗಲ್ಲ ಮೇಲೇರಿತು, ಆಜ್ಞೆಗೆ ತೂಕ ಬಂತು. ಹೊಸ ಉಡುಪಿಗೂ ಒಂದು ದೋಷ ಇತ್ತು: ಕುಳಿತರೆ ಮೇಲಂಗಿ ಮೇಲಕ್ಕೆ ಸರಿಯುತ್ತಿತ್ತು. ಸ್ಟೀವರ್ಟ್ ಎದ್ದಾಗಲೆಲ್ಲ ಅದನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದುಕೊಳ್ಳುತ್ತಿದ್ದರು. ಅಭಿಮಾನಿಗಳು ಅದಕ್ಕೆ ‘ಪಿಕಾರ್ಡ್ ಮೆನೂವರ್’ ಎಂದು ಹೆಸರಿಟ್ಟರು. ಈಗ ಆ ಪಾತ್ರವನ್ನು ಆ ಎಳೆತವಿಲ್ಲದೆ ಊಹಿಸುವುದೇ ಕಷ್ಟ. ಖರ್ಚು ಹೆಚ್ಚಾದ್ದರಿಂದ ಹಿನ್ನೆಲೆಯಲ್ಲಿ ಓಡಾಡುವವರಿಗೆ ಹಳೆಯ ಸ್ಪ್ಯಾಂಡೆಕ್ಸೇ ಉಳಿಯಿತು. ಭುಜದ ಕಪ್ಪು ಭಾಗದ ಮೇಲೆ ಸಣ್ಣ ಬಣ್ಣದ ಪೈಪಿಂಗ್ ಕಂಡರೆ ಅದು ಹಳೆಯದು. ಡಿವಿಡಿಯಲ್ಲಿ ಈ ಗೆರೆ ಕಲಸಿಹೋಗುತ್ತದೆ, ಇಲ್ಲಿ ಎಣಿಸಬಹುದು.

ಹಡಗಿನ ಮನಃಶಾಸ್ತ್ರ ಸಲಹೆಗಾರ್ತಿ ಡಿಯಾನಾ ಟ್ರಾಯ್‌ಗೆ ಮೊದಲ ಕಂತಿನ ನಂತರ ಬಹುಕಾಲ ಸಮವಸ್ತ್ರವೇ ಇಲ್ಲದ್ದು ಮಾತ್ರ ಒಪ್ಪಲಾಗದ ಸಂಗತಿ. ಆರನೆಯ ಸೀಸನ್ನಿನ ‘ಚೈನ್ ಆಫ್ ಕಮಾಂಡ್’ ಕಂತಿನಲ್ಲಿ ಹೊಸದಾಗಿ ಬಂದ ಕ್ಯಾಪ್ಟನ್ ಜೆಲಿಕೊ ಆಜ್ಞೆ ಮಾಡಿದ ಮೇಲೆಯೇ ಅವಳು ಮತ್ತೆ ನೀಲಿ ತೊಟ್ಟದ್ದು. ಅಲ್ಲಿಂದ ಮುಂದೆ ಅವಳಿಗೆ ಸಿಕ್ಕಿದ ಮಾತುಗಳ ಗಟ್ಟಿತನ ನೋಡಿದರೆ, ಐದು ಸೀಸನ್ ಹೇಗೆ ವ್ಯರ್ಥವಾಯಿತು ಎಂದು ಬೇಸರವಾಗುತ್ತದೆ.

ಈ ಸಮವಸ್ತ್ರವನ್ನು ತಮಗಾಗಿ ಹೊಲಿಸಲು ಹೊರಡುವವರಿಗೆ ಈ ಡಿಸ್ಕ್‌ಗಳಷ್ಟು ಉಪಯೋಗದ್ದು ಬೇರೆ ಇಲ್ಲ. ಟಿ.ವಿ.ಯನ್ನು ‘ಮೂವಿ’ ಮೋಡಿನಲ್ಲಿಟ್ಟು, ಚಿತ್ರವನ್ನು ನಿಲ್ಲಿಸಿ ಬಣ್ಣ ಹೊಂದಿಸಬೇಕು. ‘ವಿವಿಡ್’ ಮೋಡಿನಲ್ಲಿ ಕೆಂಪು ಕುಂಕುಮದಷ್ಟು ಹೊಳೆಯುತ್ತದೆ, ನಿಜವಾದದ್ದು ಅದಕ್ಕಿಂತ ಗಾಢ. ಮೂರನೆಯ ಸೀಸನ್ನಿನ ಮಾದರಿಗೆ 58 ಇಂಚು ಅಗಲದ ಸೂಟಿಂಗ್ ಬಟ್ಟೆಯಾದರೆ ಬಣ್ಣದ್ದು ಸುಮಾರು ಒಂದೂವರೆ ಮೀಟರ್, ಪ್ಯಾಂಟು ಮತ್ತು ಭುಜದ ಪಟ್ಟಿಗೆ ಕಪ್ಪು ಎರಡು ಮೀಟರ್ ಸಾಕು. ಕಾಸರಗೋಡಿನ ಸೆಕೆಗೆ ಶುದ್ಧ ಉಣ್ಣೆ ಆಗದು. ಟೆರಿ-ವುಲ್ ಅಥವಾ ಪಾಲಿಯೆಸ್ಟರ್-ವಿಸ್ಕೋಸ್ ತೆಗೆದುಕೊಳ್ಳಿ, ಮಡಿಕೆ ಹಾಗೆಯೇ ಬೀಳುತ್ತದೆ. ಅಂಗಿಯ ಕೆಳಅಂಚಿನ ಒಳಗೆ ರಬ್ಬರ್ ಹಿಡಿತದ ಎಲಾಸ್ಟಿಕ್ ಪಟ್ಟಿ ಕೊಡಿಸಿದರೆ ಮೇಲಕ್ಕೆ ಸರಿಯುವುದಿಲ್ಲ. ಮೊದಲ ಸೀಸನ್ನಿನದೇ ಬೇಕೆಂದರೆ ನಾಲ್ಕೂ ಕಡೆ ಎಳೆಯುವ ಲೈಕ್ರಾ, ಬಾಲ್‌ಪಾಯಿಂಟ್ ಸೂಜಿ, ಸಣ್ಣ ಜಿಗ್‌ಜಾಗ್ ಹೊಲಿಗೆ. ನೇರ ಹೊಲಿಗೆ ಹಾಕಿದರೆ ಮೊದಲ ಸಲ ಬಗ್ಗಿದಾಗಲೇ ದಾರ ಕಡಿಯುತ್ತದೆ, ಬಟ್ಟೆ ಎಳೆದಷ್ಟು ದಾರ ಎಳೆಯುವುದಿಲ್ಲವಲ್ಲ. ದರ್ಜೆಯ ಗುಂಡಿಗಳು ತೊಟ್ಟವರ ಬಲಗಡೆ ಕಾಲರಿಗೆ: ಕ್ಯಾಪ್ಟನ್‌ಗೆ ನಾಲ್ಕು, ಕಮಾಂಡರ್‌ಗೆ ಮೂರು, ಲೆಫ್ಟಿನೆಂಟ್ ಕಮಾಂಡರ್‌ಗೆ ಎರಡು ಚಿನ್ನದ್ದು ಒಂದು ಕಪ್ಪು. ಕನ್ನಡಿ ನೋಡಿಕೊಂಡು ಅಂಟಿಸುವವರು ಇದನ್ನು ಎಡಕ್ಕೆ ಹಾಕಿಬಿಡುತ್ತಾರೆ.

ಬೈಗುಳದ ವಿಚಾರ. ಈ ಸರಣಿಯಲ್ಲಿ ಬಾಯಿ ಶುದ್ಧ. ಊರೂರಿನ ಟಿ.ವಿ. ಕೇಂದ್ರಗಳಿಗೆ ನೇರವಾಗಿ ಮಾರಿದ ಕಾರ್ಯಕ್ರಮ ಇದು. ಮನೆಮಂದಿ ಕುಳಿತು ನೋಡುವ ಹೊತ್ತಿಗೆ ಹೊಂದಬೇಕಿತ್ತು. ಪಿಕಾರ್ಡ್‌ಗೆ ಸಿಟ್ಟು ಬಂದರೆ ಒಂದೆರಡು ಕಡೆ ಫ್ರೆಂಚ್‌ನಲ್ಲಿ ಒಂದು ಶಬ್ದ, ಅನ್ಯಗ್ರಹದ ಯೋಧರಾದ ಕ್ಲಿಂಗನ್‌ಗಳಿಗೆ ಅವರದೇ ಭಾಷೆ. ಆ ಭಾಷೆಗೆ ವ್ಯಾಕರಣ ಕಟ್ಟಿಕೊಟ್ಟವರು ಮಾರ್ಕ್ ಓಕ್ರಾಂಡ್, ಅವರ ನಿಘಂಟು 1985ರಲ್ಲೇ ಬಂದಿತ್ತು. ಹಡಗಿನ ಕ್ಲಿಂಗನ್ ಅಧಿಕಾರಿ ವರ್ಫ್ ಹಲ್ಲು ಕಚ್ಚಿ ಕ್ಲಿಂಗನ್ ಬೈಗುಳ ಉಗುಳಿದಾಗ ಅರ್ಥ ಗೊತ್ತಿಲ್ಲದಿದ್ದರೂ ಪೆಟ್ಟು ತಾಗುತ್ತದೆ. ಇದೇ ತಂಡದ 1994ರ ಚಲನಚಿತ್ರ ‘ಜನರೇಶನ್ಸ್’ನಲ್ಲಿ ಹಡಗು ಬೀಳುವಾಗ ಯಂತ್ರಮಾನವ ಡೇಟಾನ ಬಾಯಿಂದ ಒಂದು ಕೆಟ್ಟ ಶಬ್ದ ಬರುತ್ತದೆ. ಅವನಿಗೆ ಭಾವನೆಯ ಚಿಪ್ ಹಾಕಿದ್ದು ಆಗಷ್ಟೇ. ಏಳು ವರ್ಷ ಹಿಡಿದಿಟ್ಟ ಬಾಯಿ ಅದು, ಆದ್ದರಿಂದಲೇ ಆ ಮಾತು ಕೆಲಸ ಮಾಡಿತು.

‘ಸ್ಟಾರ್ ಟ್ರೆಕ್’ನ ಹೊಸ ಸರಣಿಗಳಾದ 2017ರ ‘ಡಿಸ್ಕವರಿ’, 2020ರ ‘ಪಿಕಾರ್ಡ್’ ಬಂದದ್ದು ಸ್ಟ್ರೀಮಿಂಗ್‌ನಲ್ಲಿ, ಟಿ.ವಿ.ಯ ಕಟ್ಟುಪಾಡು ಅಲ್ಲಿಲ್ಲ. ‘ಡಿಸ್ಕವರಿ’ಯ ಐದನೆಯ ಕಂತಿನಲ್ಲಿ ಕೆಡೆಟ್ ಟಿಲಿ ವಿಜ್ಞಾನದ ಖುಷಿಯಲ್ಲಿ ಬಾಯಿ ಜಾರುತ್ತಾಳೆ. ಎಳೆಯ ಹುಡುಗಿ, ಹಿಗ್ಗು ತಡೆಯಲಾಗಲಿಲ್ಲ, ಪಾತ್ರಕ್ಕೆ ಒಪ್ಪುತ್ತದೆ. ‘ಪಿಕಾರ್ಡ್’ನಲ್ಲಿ ಅಡ್ಮಿರಲ್ ಕ್ಲಾನ್ಸಿ ತನ್ನ ಕಚೇರಿಯಲ್ಲಿ ಕುಳಿತು, ಎದುರಿಗಿರುವ ವೃದ್ಧ ಪಿಕಾರ್ಡ್‌ಗೆ ಅದೇ ಶಬ್ದ ಎಸೆಯುವುದು ಒಪ್ಪುವುದಿಲ್ಲ. ಅಧಿಕಾರ ಅವಳ ಕೈಯಲ್ಲಿದೆ, ‘ಆಗುವುದಿಲ್ಲ’ ಎಂದರೆ ಮುಗಿಯಿತು. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವರು ಕೌರವನನ್ನು ಹೀಯಾಳಿಸಬಹುದು, ಆದರೆ ಹಾಸ್ಯಗಾರನ ಮಾತನ್ನು ಕೃಷ್ಣನ ಬಾಯಿಗೆ ಹಾಕಿದರೆ ಸಭೆ ಒಪ್ಪದು. ಶಬ್ದ ಕೆಟ್ಟದೋ ಒಳ್ಳೆಯದೋ ಎಂಬುದಕ್ಕಿಂತ ಯಾರ ಬಾಯಿ, ಯಾವ ಗಳಿಗೆ ಎಂಬುದೇ ದೊಡ್ಡದು. ಅಭಿಮಾನಿಗಳ ಎರಡು ಬಣಗಳೂ ಶಬ್ದವನ್ನಷ್ಟೇ ಹಿಡಿದು ಎಳೆದಾಡುವುದರಿಂದ ವಾದ ಮುಂದೆ ಹೋಗುತ್ತಿಲ್ಲ.

ಸಂಭಾಷಣೆಗೆ ಒಂದೇ ಕಂತು ನೋಡುವುದಾದರೆ ಐದನೆಯ ಸೀಸನ್ನಿನ ‘ಡಾರ್ಮಾಕ್’, 1991ರದ್ದು. ಟಮೇರಿಯನ್ ಎಂಬ ಜನ ತಮ್ಮ ಪುರಾಣದ ಹೆಸರು, ಸ್ಥಳ, ಸಂದರ್ಭ ಹೇಳಿಯೇ ಮಾತಾಡುತ್ತಾರೆ. ಪದಗಳ ಅರ್ಥ ಗೊತ್ತು, ಕತೆ ಗೊತ್ತಿಲ್ಲ. ಅನುವಾದ ಯಂತ್ರ ಸೋಲುತ್ತದೆ. ಭೀಷ್ಮನ ಶರಶಯ್ಯೆ ಎಂದರೆ ಸಾಕು, ಮುಂದಿನದು ತಾನಾಗಿ ತಿಳಿಯುವ ನಮ್ಮ ಪ್ರೇಕ್ಷಕರಿಗೆ ಈ ಕಂತು ಅಮೆರಿಕದವರಿಗಿಂತ ಹತ್ತಿರದ್ದು ಎಂಬುದು ನನ್ನ ನಂಬಿಕೆ. ಪಿಕಾರ್ಡ್‌ನ ಕೆಂಪು-ಕಪ್ಪು ಜಾಕೆಟ್ ಮೊದಲು ಕಾಣಿಸಿದ್ದೂ ಇದರಲ್ಲೇ. ಕಾಡಿನಲ್ಲಿ ಬೆಂಕಿಯ ಮುಂದೆ ಕುಳಿತ ಕ್ಯಾಪ್ಟನ್‌ಗೆ ಬಿಗಿ ಅಂಗಿಗಿಂತ ಅದು ಎಷ್ಟೋ ಸೊಗಸು.

ಡಿಸ್ಕ್‌ನಲ್ಲಿ ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷ್‌ನದು ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಅದನ್ನು ಹಾಕಿಕೊಂಡೇ ನೋಡುವುದು ಒಳ್ಳೆಯದು. ಎಂಜಿನ್ ಕೋಣೆಯ ಮಾತು ಇಂಗ್ಲಿಷ್ ಬಲ್ಲವರಿಗೂ ಕಿವಿಗೆ ಸಿಗುವುದಿಲ್ಲ. ಮೊದಲ ಸೀಸನ್ನಿನ ಆರಂಭದ ಮುದ್ರಣದಲ್ಲಿ 1, 3, 4ನೆಯ ಡಿಸ್ಕ್‌ಗಳ 7.1 ಧ್ವನಿ ಚಾನೆಲ್‌ಗಳು ಅದಲು ಬದಲಾಗಿದ್ದವು, ಕಂಪನಿ ಆಮೇಲೆ ಬದಲಿ ಡಿಸ್ಕ್ ಕೊಟ್ಟಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಳಿ ತಿಳಿದುಕೊಳ್ಳಿ. ಬಿಡಿ ಸ್ಪೀಕರ್‌ಗಳಿಲ್ಲದೆ ಟಿ.ವಿ.ಯಲ್ಲೇ ಕೇಳುವವರು ಮೆನುವಿನಲ್ಲಿ ಸ್ಟೀರಿಯೊ ಟ್ರ್ಯಾಕ್ ಆರಿಸಿದರೆ ತೊಂದರೆಯಿಲ್ಲ.

ಹೊರದೇಶದಿಂದ ತರಿಸುವುದಾದರೆ ಬೆಲೆಯ ಜೊತೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕ ಹಾಕಿ. ಬ್ಲೂ-ರೇಗೆ ಭಾರತ ‘ಸಿ’ ವಲಯ, ಅಮೆರಿಕ ‘ಎ’, ಬ್ರಿಟನ್ ‘ಬಿ’. ಪೆಟ್ಟಿಗೆಯ ಹಿಂಬದಿಯ ಗುರುತನ್ನು ನಿಮ್ಮ ಪ್ಲೇಯರ್‌ಗೆ ಹೋಲಿಸದೆ ಹಣ ಕೊಡಬೇಡಿ. ನಮ್ಮ ಕರಾವಳಿಯ ಆಟಿ ತಿಂಗಳಲ್ಲಿ ರಟ್ಟಿನ ಪೆಟ್ಟಿಗೆಗೆ ಬೂಸ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒರೆಸುವಾಗ ಮೆತ್ತಗಿನ ಒಣ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತು ತಿರುಗಿಸಬಾರದು. ಪೂರ್ತಿ ಸೆಟ್ಟಿಗೆ ಹಣ ಸಾಲದವರು ಮೂರನೆಯ ಸೀಸನ್ ಒಂದನ್ನೇ ತೆಗೆದುಕೊಳ್ಳಿ. ಅದು ಸಿಕ್ಕಿದ ಮೇಲೆ ಐದನೆಯದು, ನಂತರ ಆರು. ಎರಡನೆಯದಕ್ಕೆ ಅವಸರ ಬೇಡ.