ಮೆಷಿನ್ ಗಟ್ಟಿ, ಪ್ಲೇಟ್ ಸೊಟ್ಟ: ಕೈ ಎಂಬಾಸಿಂಗ್ ಮೆಷಿನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮೆಷಿನ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅದರ ಜೊತೆ ಬರುವ ಪ್ಲೇಟ್‌ಗಳ ಮೇಲೆ. ಹಿಡಿಕೆ ತಿರುಗಿಸಿ ಕಾಗದದ ಮೇಲೆ ಉಬ್ಬು ಡಿಸೈನ್ ಮೂಡಿಸುವ ಎ5 ಸೈಜಿನ ಮೆಷಿನ್ ಇದು. ಮನೆಗೆ ಬಂದು ಮೂರು ವರ್ಷ ಆಗುತ್ತಾ ಬಂತು. ಆಗ 8,000 ರೂಪಾಯಿ ಹತ್ತಿರ ಕೊಟ್ಟಿದ್ದೆ. ನಾನಿರುವುದು ಶಿವಮೊಗ್ಗದಲ್ಲಿ. ನಾಮಕರಣ, ಸೀಮಂತ, ಗೃಹಪ್ರವೇಶ ಅಂತ ಗೊತ್ತಿದ್ದವರಿಗೆ ಕೈಯಲ್ಲೇ ಕಾರ್ಡ್ ಮಾಡಿಕೊಡುತ್ತೇನೆ, ಕಾಗದದ ಖರ್ಚು ಕಳೆದು ಸ್ವಲ್ಪ ದುಡ್ಡೂ ಉಳಿಯುತ್ತದೆ. ಹಾಗಾಗಿ ಎಂಟು ಸಾವಿರ ನನಗೆ ಸುಮ್ನೆ ಖರ್ಚು ಮಾಡುವ ಮೊತ್ತ ಅಲ್ಲ.

ಎಷ್ಟು ಅಗಲ, ಎಷ್ಟು ತೂಕ ಎಲ್ಲ ಬಾಕ್ಸ್ ಮೇಲೇ ಇರುತ್ತದೆ, ಬಿಡಿ. ದಿನಾ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಊಟದ ಮೇಜು ನನ್ನದು. ಮೇಜು ಒರೆಸಿ, ಒಣಗಿದ ಮೇಲೆ ಮೆಷಿನ್ ಇಟ್ಟು ಪಕ್ಕದ ಲಿವರ್ ಒತ್ತಿದರೆ ತಳದ ರಬ್ಬರ್ ಮೇಜನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 250 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ ಕಾರ್ಡ್ ಶೀಟನ್ನು ಅಳತೆಗೆ ಕತ್ತರಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಒಂದಡಿ ದೂರ ಹಿಡಿದು ಒಂದೇ ಸಲ ಒತ್ತುತ್ತೇನೆ. ಕಾಗದ ಒದ್ದೆ ಆಗಬಾರದು, ಮುಟ್ಟಿದರೆ ತಣ್ಣಗೆ ಅನ್ನಿಸಬೇಕು ಅಷ್ಟೇ. ನೀರು ತಾಕಿದರೆ ಒಳಗಿನ ನಾರು ಸಡಿಲ ಆಗುತ್ತದೆ, ಒತ್ತಡ ಬಿದ್ದಾಗ ಹರಿಯದೆ ಹಿಗ್ಗುತ್ತದೆ. ಆಮೇಲೆ ಫೋಲ್ಡರ್, ಅಂದರೆ ಒಳಗೆ ಡಿಸೈನ್ ಇರುವ, ಮಡಚುವ ಪ್ಲಾಸ್ಟಿಕ್ ಅಚ್ಚು, ಅದರೊಳಗೆ ಶೀಟ್, ಫೋಲ್ಡರ್ ಕೆಳಗೊಂದು ಪ್ಲೇಟ್, ಮೇಲೊಂದು ಪ್ಲೇಟ್, ಎಲ್ಲದರ ಅಡಿಗೆ ದಪ್ಪ ಹಲಗೆ. ರೋಲರ್ ನಡುವೆ ಕೊಟ್ಟು ಹಿಡಿಕೆ ತಿರುಗಿಸಿದರೆ ಮೊದಲು ಹಗುರ, ನಡುವೆ ಭಾರ, ಜೊತೆಗೆ ಪ್ಲೇಟ್‌ಗಳು ಕಟಕಟ ಅನ್ನುತ್ತವೆ. ಹೊಸಬರು ಏನೋ ಮುರಿಯಿತು ಅಂತ ಹೆದರುತ್ತಾರೆ, ಹೆದರಬೇಡಿ, ಅದು ಇದ್ದದ್ದೇ.

ಆಚೆಯಿಂದ ಬಂದ ಫೋಲ್ಡರ್ ಬಿಚ್ಚುವುದು ಇವತ್ತಿಗೂ ನನಗೆ ಬೇಜಾರಾಗಿಲ್ಲ. ಬಿಳಿ ಕಾಗದ, ಡಿಸೈನೂ ಬಿಳಿ. ನೇರ ಎದುರಿಗೆ ಹಿಡಿದರೆ ಕಾಣುವುದೇ ಕಷ್ಟ. ಕಿಟಕಿ ಕಡೆ ಸ್ವಲ್ಪ ಓರೆ ಮಾಡಿದರೆ ಪ್ರತಿ ಗೆರೆಯ ಪಕ್ಕ ಸಣ್ಣ ನೆರಳು ಬಿದ್ದು ಇಡೀ ಬಳ್ಳಿ ಎದ್ದು ಬರುತ್ತದೆ. ಅಂಗಡಿ ಕಾರ್ಡಿನ ಮಿಂಚು ಪಂಚು ಏನೂ ಬೇಡ.

ನಮ್ಮ ಊರಿನ ಹವೆಯೂ ಇದರಲ್ಲಿ ಕೈ ಹಾಕುತ್ತದೆ. ಜೂನ್ ಜುಲೈನಲ್ಲಿ ಕಾಗದ ತಾನೇ ತಂಡಿ ಹಿಡಿದಿರುತ್ತದೆ, ನೀರಿನ ಬಾಟಲಿಯೇ ಬೇಡ, ಎಷ್ಟು ಆಳದ ಫೋಲ್ಡರ್ ಹಾಕಿದರೂ ಒಂದು ಬಿರುಕು ಬರುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಅದೇ ಕಾಗದಕ್ಕೆ ನೀರು ಚಿಮುಕಿಸದಿದ್ದರೆ ಹೂವಿನ ಎಸಳಿನ ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದಕ್ಕೆ ಮಾತ್ರ ಈ ತೊಂದರೆ ಕಡಿಮೆ. ಹತ್ತಿಯ ನಾರು ಉದ್ದ, ಎಳೆದರೂ ತಾಳಿಕೊಳ್ಳುತ್ತದೆ. ರೇಟು ಜಾಸ್ತಿ, ಆದರೆ ಆಳವಾದ ಡಿಸೈನ್‌ಗೆ ಅದನ್ನೇ ತಗೊಳ್ಳಿ.

ಪೌಡರ್ ಹಾಕಿ ಬಿಸಿ ಮಾಡುವ ಎಂಬಾಸಿಂಗ್ ಇದರಲ್ಲಿ ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ, ಅದು ಬೇರೆಯೇ ಕೆಲಸ. ನಿಧಾನವಾಗಿ ಒಣಗುವ ಇಂಕಿನಲ್ಲಿ ಸ್ಟ್ಯಾಂಪ್ ಒತ್ತಿ, ಹಸಿ ಇರುವಾಗಲೇ ಪೌಡರ್ ಉದುರಿಸಿ, ಹೆಚ್ಚಿದ್ದನ್ನು ಕೊಡವಿ, ಹೀಟ್ ಗನ್‌ನಲ್ಲಿ ಕರಗಿಸಬೇಕು. ಹೇರ್ ಡ್ರೈಯರ್ ಸಾಲದು. ಅಷ್ಟು ಬಿಸಿಯೂ ಬರುವುದಿಲ್ಲ, ಗಾಳಿಗೆ ಪೌಡರೂ ಹಾರಿಹೋಗುತ್ತದೆ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಸಿಗುವ ಕೆಲವು ಮದುವೆ ಕಾರ್ಡ್‌ಗಳಲ್ಲಿ ಹೊಳೆಯುವ ಉಬ್ಬು ಅಕ್ಷರ ಇರುತ್ತದಲ್ಲ, ಅದೂ ಹೀಗೇ ಪೌಡರ್ ಕರಗಿಸಿ ಮಾಡುವುದು. ನಮ್ಮ ಮಳೆಗಾಲದಲ್ಲಿ ಪೌಡರ್ ಬೇಕಾದ ಕಡೆ ಬೇಡದ ಕಡೆ ಎಲ್ಲ ಅಂಟುತ್ತದೆ. ಸ್ಟ್ಯಾಂಪ್ ಒತ್ತುವ ಮೊದಲು ಕಾಗದಕ್ಕೆ ತೆಳ್ಳಗೆ ಮುಖದ ಪೌಡರ್ ಸವರಿದರೆ ಎಷ್ಟೋ ವಾಸಿ.

ಈಗ ಪ್ಲೇಟ್ ವಿಷಯಕ್ಕೆ ಬರುತ್ತೇನೆ. ಇವು ಮೂರು ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್. ರೋಲರ್ ಒತ್ತಡ ಒಂದೇ ಮುಖದ ಮೇಲೆ ಬಿದ್ದು ಬಿದ್ದು ಆ ಮುಖ ಹಿಗ್ಗುತ್ತದೆ, ಪ್ಲೇಟ್ ಬಾಗುತ್ತದೆ. ಅದಕ್ಕೇ ಪ್ರತಿ ಸಲ ಮಗುಚಿ ಹಾಕಿ ಅಂತ ಕಂಪನಿಯ ಪುಸ್ತಕದಲ್ಲೇ ಇದೆ. ನಾನು ಮೂಲೆಯಲ್ಲಿ ಮಾರ್ಕರ್ ಚುಕ್ಕೆ ಇಟ್ಟುಕೊಂಡು ಒಮ್ಮೆ ಚುಕ್ಕೆ ಮೇಲೆ, ಒಮ್ಮೆ ಚುಕ್ಕೆ ಕೆಳಗೆ ಅಂತ ತಪ್ಪದೆ ಮಗುಚಿದ್ದೇನೆ. ಆದರೂ ಮೊದಲ ವರ್ಷ ಮುಗಿಯುವ ಮುಂಚೆಯೇ ಎರಡೂ ಪ್ಲೇಟ್ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಂಚು ಎತ್ತಿಕೊಂಡವು. ಪ್ಲೇಟ್ ಬಾಗಿದರೆ ಒತ್ತಡ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಎಡಗಡೆ ಹೂವು ಚೆನ್ನಾಗಿ ಉಬ್ಬಿರುತ್ತದೆ, ಬಲಗಡೆ ಹೂವು ಇದೆಯೋ ಇಲ್ಲವೋ ಅನ್ನುವ ಹಾಗೆ. ಐವತ್ತು ಕಾರ್ಡ್ ಒಂದೇ ಥರ ಬೇಕು ಅಂದವರಿಗೆ ಇದನ್ನು ಕೊಡೋಕಾಗುತ್ತಾ? ಉಬ್ಬಿದ ಬೆನ್ನು ಮೇಲೆ ಬರುವ ಹಾಗೆ ಇಟ್ಟು ತಿರುಗಿಸಿದರೆ ಸ್ವಲ್ಪ ನೆಟ್ಟಗಾಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಒಂದು ಪ್ಲೇಟ್ ನಡುವೆಯೇ ಸೀಳಿತು.

ಕಂಪನಿಗೆ ಫೋನ್ ಮಾಡಿದರೆ, "ಮೇಡಂ, ಪ್ಲೇಟ್ ಒಂದೇ ಸಪರೇಟ್ ಆಗಿ ಬರಲ್ಲ, ಸೆಟ್ ತಗೋಬೇಕು. ಸೆಟ್ ಈಗ ಸ್ಟಾಕ್ ಇಲ್ಲ." ಸೆಟ್ ಅಂದರೆ ನನಗೆ ಬೇಡದ ದಪ್ಪ ಹಲಗೆಯೂ ಸೇರಿ. ಸವೆಯುವ ಭಾಗ ಯಾವುದು ಅಂತ ತಯಾರಿಸಿದವರಿಗೆ ಗೊತ್ತೇ ಇದೆ. ಗೊತ್ತಿದ್ದೂ ಅದನ್ನು ಬಿಡಿಯಾಗಿ ಮಾರದೆ ಇರುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ದಾರಿ ಸಿಕ್ಕಿದ್ದು ನಮ್ಮ ಊರಿನ ಬೋರ್ಡ್ ಮಾಡುವ ಅಂಗಡಿಯಲ್ಲಿ. ಮೂರು ಮಿಲಿಮೀಟರ್ ಅಕ್ರಿಲಿಕ್ ಕತ್ತರಿಸಿಕೊಡಿ ಅಂದೆ. ಅಂಗಡಿಯ ಹುಡುಗ ಸೀಳಿದ ತುಂಡು ನೋಡಿ, "ರೋಲರ್‌ಗಾದ್ರೆ ಅಕ್ರಿಲಿಕ್ ಬೇಡ ಅಕ್ಕಾ, ಬಿರುಕು ಬಿಡುತ್ತೆ. ಪಾಲಿಕಾರ್ಬೊನೇಟ್ ತಗೊಳ್ಳಿ" ಅಂದ. ಎರಡು ತುಂಡಿಗೆ ಆದ ಖರ್ಚು ಕಂಪನಿ ಸೆಟ್ಟಿನ ಕಾಲು ಭಾಗವೂ ಇಲ್ಲ. ಶೀಟ್ ಹೇಳಿದ್ದಕ್ಕಿಂತ ಒಂಚೂರು ತೆಳುವಾಗಿತ್ತು, ಅದಕ್ಕೆ ಪ್ಲೇಟ್ ಕೆಳಗೆ ಹಳೇ ಮದುವೆ ಕಾರ್ಡ್ ಒಂದನ್ನು ಸೇರಿಸುತ್ತೇನೆ, ಒತ್ತಡ ಸರಿಹೋಗುತ್ತದೆ. ಅವತ್ತಿನಿಂದ ಮೆಷಿನ್ ಮತ್ತೆ ಖುಷಿ ಕೊಡತೊಡಗಿತು. ರೋಲರ್ ಒಂದಿಷ್ಟೂ ಸಡಿಲ ಆಗಿಲ್ಲ, ಹಿಡಿಕೆ ಅಲ್ಲಾಡುವುದಿಲ್ಲ, ಎಣ್ಣೆ ಕೇಳಿಲ್ಲ.

ಇನ್ನೊಂದು ಕೊರತೆ, ಫೋಲ್ಡರ್‌ಗಳ ಡಿಸೈನ್. ಹಿಮದ ಹರಳು, ಕ್ರಿಸ್‌ಮಸ್ ಮರ, ಇಟ್ಟಿಗೆ ಗೋಡೆ, ಗುಲಾಬಿ. ಮಾವಿನ ತೋರಣ ಇಲ್ಲ, ರಂಗೋಲಿ ಹುಡುಕಿದರೆ ಎಲ್ಲೋ ಒಂದು. ಇದಕ್ಕೆ ಉತ್ತರ ಹುಡುಕುವಾಗ ಸಿಕ್ಕಿದ್ದು ರಬ್ಬರ್ ಮ್ಯಾಟ್. ಅದೊಂದಿದ್ದರೆ ಫೋಲ್ಡರೇ ಬೇಡ. ದಪ್ಪ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಡಿಸೈನ್ ಬರೆದು, ಗೆರೆಯ ಮೇಲೆ ಫೆವಿಕಾಲ್ ಎಳೆದು, ದಾರ ಅಂಟಿಸಿ ರಾತ್ರಿ ಒಣಗಲು ಬಿಡಿ. ಆ ರಟ್ಟಿನ ಮೇಲೆ ಕಾಗದ, ಕಾಗದದ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ಪ್ಲೇಟ್. ರಬ್ಬರ್ ಕಾಗದವನ್ನು ದಾರದ ಸುತ್ತ ಕೆಳಕ್ಕೆ ಅದುಮುತ್ತದೆ, ದಾರ ಇದ್ದಲ್ಲಿ ಕಾಗದ ಎದ್ದು ನಿಲ್ಲುತ್ತದೆ. ಬಿಗಿ ಅನ್ನಿಸಿದರೆ ಬಲ ಹಾಕಿ ತಿರುಗಿಸಬೇಡಿ, ಒಂದು ಪ್ಲೇಟ್ ತೆಗೆದುಬಿಡಿ.

ಇದರಲ್ಲಿ ನಾನು ಮಾಡಿದ್ದು ಹಸೆ ಚಿತ್ತಾರ. ಸಾಗರ, ಸೊರಬ ಕಡೆ ದೀವರು ಎಂಬ ಸಮುದಾಯದವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಬರೆಯುವ ಚಿತ್ರ ಅದು, ಮದುವೆ ಮನೆಯಲ್ಲಂತೂ ಇರಲೇಬೇಕು. ಕೆಂಪು ಕಾರ್ಡ್ ಶೀಟ್‌ನಲ್ಲಿ ಎರಡು ಥರ. ಒಂದರಲ್ಲಿ ಒಳಗೂ ಹೊರಗೂ ಕೆಂಪು, ಇನ್ನೊಂದರಲ್ಲಿ ಮೇಲೆ ಮಾತ್ರ ಕೆಂಪು, ಒಳಗೆ ಬಿಳಿ. ಮೂಲೆ ಸ್ವಲ್ಪ ಹರಿದು ನೋಡಿದರೆ ಗೊತ್ತಾಗುತ್ತದೆ. ನಮಗೆ ಬೇಕಾದ್ದು ಎರಡನೆಯದು, ಅದು ಅಗ್ಗವೂ ಹೌದು. ಬಣ್ಣದ ಮುಖ ಮೇಲಿಟ್ಟು ದಾರದ ಅಚ್ಚಿನಲ್ಲಿ ಉಬ್ಬಿಸಿ, ಪೂರ್ತಿ ಒಣಗಿಸಿ, 400 ನಂಬರಿನ ಎಮರಿ ಶೀಟನ್ನು ಬೆರಳಿಗೆ ಸುತ್ತಿಕೊಂಡು ಒಂದೇ ದಿಕ್ಕಿನಲ್ಲಿ ಹಗುರವಾಗಿ ಸವರಬೇಕು. ಎದ್ದು ನಿಂತ ಗೆರೆಯ ಮೇಲಿನ ಕೆಂಪು ಮಾತ್ರ ಹೋಗಿ ಒಳಗಿನ ಬಿಳಿ ಕಾಣುತ್ತದೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಗೆರೆ ಎಳೆದದ್ದೇ ಸರಿ, ಅದೂ ಕೈಗೆ ತಾಗುವ ಗೆರೆ! ಒಂದು ಹನಿ ಬಣ್ಣ ಮುಟ್ಟಿಲ್ಲ. ನನಗಂತೂ ಕೊಟ್ಟ ಎಂಟು ಸಾವಿರ ಇದೊಂದಕ್ಕೇ ವಸೂಲಾಯಿತು ಅನ್ನಿಸಿತು.

ಸಾಗರದ ಗೆಳತಿಯೊಬ್ಬರಿಗೆ ತೋರಿಸಿದೆ. ಚೆನ್ನಾಗಿದೆ, ಆದರೆ ಎಳೆ ಇನ್ನೂ ಒತ್ತೊತ್ತಾಗಿ ಬರಬೇಕು ಕಣೇ ಅಂದರು. ಅವರು ಹೇಳಿದ್ದು ನಿಜ. ಸೆಣಬಿನ ದಾರ ಪಕ್ಕ ಪಕ್ಕ ಅಂಟಿಸಿದರೆ ನಡುವೆ ರಬ್ಬರ್ ಇಳಿಯುವುದಿಲ್ಲ, ಎರಡು ಗೆರೆ ಸೇರಿ ಒಂದಾಗುತ್ತದೆ. ಈಗ ಕ್ರೋಶಾ ದಾರ ಬಳಸುತ್ತಿದ್ದೇನೆ. ಗೆರೆ ಸಣ್ಣಗೆ ಬರುತ್ತದೆ, ಉಬ್ಬು ಸ್ವಲ್ಪ ಕಡಿಮೆ, ಎಮರಿ ಇನ್ನೂ ಮೆಲ್ಲಗೆ ಆಡಿಸಬೇಕು.

ತಗೊಳ್ಳಬೇಕು ಅನ್ನುವವರು ದುಡ್ಡು ಕೊಡುವ ಮುಂಚೆ ಪ್ಲೇಟ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಇಲ್ಲ ಅಂದರೆ ನಿಮ್ಮೂರಲ್ಲಿ ಪಾಲಿಕಾರ್ಬೊನೇಟ್ ಕತ್ತರಿಸುವವರು ಯಾರಿದ್ದಾರೆ ನೋಡಿಕೊಳ್ಳಿ. ವರ್ಷಕ್ಕೆ ನಾಲ್ಕೈದು ಕಾರ್ಡ್ ಮಾಡುವವರಿಗೆ ಈ ಮೆಷಿನ್ ಬೇಡವೇ ಬೇಡ. ತುದಿಯಲ್ಲಿ ಗುಂಡು ಇರುವ ಸ್ಟೈಲಸ್ ಒಂದು, ಲೋಹದ ಸ್ಟೆನ್ಸಿಲ್ ಒಂದು ಸಾಕು. ಸ್ಟೆನ್ಸಿಲನ್ನು ಹಗಲು ಹೊತ್ತು ಕಿಟಕಿ ಗಾಜಿಗೆ ಟೇಪ್‌ನಲ್ಲಿ ಅಂಟಿಸಿ, ಮೇಲೆ ಕಾಗದ ಇಟ್ಟರೆ ಅಂಚು ಬೆಳಕಿಗೆ ಕಾಣುತ್ತದೆ, ಆ ಅಂಚನ್ನು ಸ್ಟೈಲಸ್‌ನಲ್ಲಿ ತೀಡುತ್ತಾ ಹೋಗಿ. ತೀಡುವ ಮೊದಲು ಕಾಗದದ ಹಿಂಬದಿಗೆ ಮೇಣದ ಬತ್ತಿ ಸ್ವಲ್ಪ ಉಜ್ಜಿ, ಸ್ಟೈಲಸ್ ಸಿಕ್ಕಿಕೊಳ್ಳದೆ ಜಾರುತ್ತದೆ.