ಊರಿನ ಮಕ್ಕಳನ್ನು ವ್ಯಸನದಿಂದ ಕಾಯಲು: ಜಿಲ್ಲೆಯ ಅಂಕಿಯೋ, ಶಾಲೆಯ ಪ್ರಶ್ನಾವಳಿಯೋ?

ವ್ಯಸನ ತಡೆಯುವ ಕೆಲಸಕ್ಕೆ ಇಳಿದ ಪಂಚಾಯ್ತಿ, ಯುವಕ ಸಂಘಗಳಿಗೆ ಮೊದಲು ಎದುರಾಗುವ ಪ್ರಶ್ನೆ: ಯಾವ ಲೆಕ್ಕ ನಂಬಿ ಹೊರಡುವುದು?

ಕೂತಲ್ಲೇ ಸಿಗುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2019-21ರ ಸುತ್ತಿನಲ್ಲಿ ತಂಬಾಕು, ಮದ್ಯದ ಅಂಕಿ ಜಿಲ್ಲಾವಾರು ಇದೆ. ಅನುದಾನ ಕೇಳುವ ಅರ್ಜಿಗೆ ಅದು ಸಾಕು. ಆದರೆ ಅದು 15 ವರ್ಷ ತುಂಬಿದವರ ಲೆಕ್ಕ. ಏಳನೇ ತರಗತಿ ಹುಡುಗನ ಜೇಬಿನ ಗುಟ್ಕಾ ಪ್ಯಾಕೆಟ್ ಅದರಲ್ಲಿ ಕಾಣದು.

ಇನ್ನೊಂದು ದಾರಿ, ಶಾಲೆಯಲ್ಲೇ ಹೆಸರಿಲ್ಲದ ಪ್ರಶ್ನಾವಳಿ ತುಂಬಿಸುವುದು. ಐಸ್‌ಲ್ಯಾಂಡ್ ಹಿಡಿದದ್ದು ಇದನ್ನೇ. 1998ರಲ್ಲಿ ಅಲ್ಲಿನ 15-16 ವಯಸ್ಸಿನವರಲ್ಲಿ ಶೇ. 42ರಷ್ಟು ಮಕ್ಕಳು ಹಿಂದಿನ ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ಅವರು ಬರೀ ‘ಕುಡೀತೀಯಾ?’ ಎಂದು ಕೇಳಿ ಸುಮ್ಮನಾಗಲಿಲ್ಲ. ಅಪ್ಪ ಅಮ್ಮನ ಜೊತೆ ಎಷ್ಟು ಹೊತ್ತು ಇರುತ್ತೀಯ, ಆಟಕ್ಕೆ ಹೋಗುತ್ತೀಯಾ ಎಂದೂ ಕೇಳಿದರು. ಉತ್ತರಗಳ ವರದಿ ಆಯಾ ಊರಿಗೆ ಬೇಗನೆ ಮರಳಿತು. ರಾಜಧಾನಿ ರೇಕ್ಯಾವಿಕ್ ನಗರ ಮಕ್ಕಳ ಆಟ, ಸಂಗೀತದ ಶುಲ್ಕಕ್ಕೆ ಸಹಾಯಧನ ಕೊಟ್ಟಿತು. ಕೇಳಿದ ಪ್ರಶ್ನೆಗೂ ಮಾಡಿದ ಕೆಲಸಕ್ಕೂ ನೇರ ನಂಟಿತ್ತು, ನನಗೆ ಮುಖ್ಯವೆನಿಸುವುದು ಇದೇ.

ಹಾಗಾಗಿ ನನ್ನ ಆಯ್ಕೆ ಪ್ರಶ್ನಾವಳಿ. ಆದರೆ ತುಂಬಿದ ಹಾಳೆ ಮೇಷ್ಟ್ರ ಕೈಗೆ ಹೋಗಲೇಬಾರದು. ಕೈಬರಹ ಬೇಡ, ಬರೀ ಟಿಕ್ ಗುರುತು ಸಾಕು. ಲಕೋಟೆ ಅಂಟಿಸಿ ಮಕ್ಕಳೇ ಡಬ್ಬಿಗೆ ಹಾಕಲಿ. ತರಗತಿಯಲ್ಲಿ ಹತ್ತೇ ಮಕ್ಕಳಿದ್ದರೆ ಅಕ್ಕಪಕ್ಕದ ಶಾಲೆಗಳನ್ನೂ ಸೇರಿಸಿ ಲೆಕ್ಕ ಹಾಕಿ, ಇಲ್ಲದಿದ್ದರೆ ಯಾರ ಮನೆ ಹುಡುಗ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಅಷ್ಟಕ್ಕೂ ಪುರುಸೊತ್ತಿಲ್ಲವೇ? ಶಾಲೆಯ ಸುತ್ತ 100 ಗಜ ನಡೆದು ಬನ್ನಿ. ಅಷ್ಟರೊಳಗೆ ತಂಬಾಕು ಮಾರುವುದನ್ನು 2003ರ ಕಾಯ್ದೆ ನಿಷೇಧಿಸಿದೆ. ಎಷ್ಟು ಅಂಗಡಿಯಲ್ಲಿ ತಂಬಾಕು ಪ್ಯಾಕೆಟ್‌ಗಳ ಸರ ತೂಗುತ್ತಿದೆ, ಎಣಿಸಿ ಬರೆದುಕೊಳ್ಳಿ.